ಪೆನ್ಸಿಲ್ ಒಂದು ಬೆರಳು ಮೇಲೆ: ಆಫೀಸಿನ ಜಿಮೇಲ್ ಬದಲಾದ ತಿಂಗಳು

2022 ಮಾರ್ಚ್ 7, ಸೋಮವಾರ

ಆಫೀಸಿನ ಜಿಮೇಲ್‌ನಲ್ಲಿ ಚಾಟ್ (ಬರೆದು ಮಾತಾಡುವುದು) ಮತ್ತು ಮೀಟ್ (ವಿಡಿಯೊ ಮೀಟಿಂಗ್) ಆನ್ ಮಾಡೋಣ ಅಂತ ಇವತ್ತು ತೀರ್ಮಾನ ಆಯಿತು. ಹುಬ್ಬಳ್ಳಿಯಲ್ಲಿ ಆಫೀಸು, ಊರ ಹೊರಗೆ ಗೋಡೌನು, ಒಟ್ಟು 84 ಜನ. ಮುಕ್ಕಾಲು ಪಾಲು ಜನ ಮೇಲ್ ನೋಡುವುದು ಫೋನಿನಲ್ಲೇ. ಗೂಗಲ್ 2020ರಲ್ಲೇ ಇವನ್ನೆಲ್ಲ ಜಿಮೇಲ್ ಒಳಗೆ ತಂದಿತ್ತು. ನಾವು ಎರಡನ್ನೂ ಆಫ್ ಇಟ್ಟಿದ್ದರಿಂದ ನಮ್ಮವರು ಅದನ್ನು ನೋಡಿಯೇ ಇಲ್ಲ.

ಆನ್ ಮಾಡಿದರೆ ಪರದೆಯ ಕೆಳಗಡೆ ಒಂದು ಪಟ್ಟಿ ಬರುತ್ತದೆ. ಎಡದಿಂದ ಮೇಲ್, ಚಾಟ್, ಸ್ಪೇಸಸ್, ಮೀಟ್. ಸ್ಪೇಸಸ್ ಅಂದರೆ ಗುಂಪಾಗಿ ಚಾಟ್ ಮಾಡುವ ಜಾಗ, ಮೊದಲು ರೂಮ್ಸ್ ಅಂತಿದ್ದದ್ದೇ 2021ರಲ್ಲಿ ಸ್ಪೇಸಸ್ ಆಗಿದ್ದು. ನೋಡಲು ಸಣ್ಣ ಬದಲಾವಣೆ. ಆದರೆ ಈ ತಿಂಗಳೇ ಮಾಡಿ ಮುಗಿಸಿ ಅಂದಾಗ ನಾನು ಒಪ್ಪಲಿಲ್ಲ. ಮಾರ್ಚ್ ಎಂಡ್ ಲೆಕ್ಕದ ನಡುವೆ ಅಕೌಂಟ್ಸ್‌ನವರ ಪರದೆ ಬದಲಾಯಿಸುವುದು ಸರಿಯಲ್ಲ. ಅವರದ್ದು ಯುಗಾದಿ ಮುಗಿದ ಮೇಲೆ, ಏಪ್ರಿಲ್ 4ಕ್ಕೆ. ಉಳಿದವರದ್ದು ಅಷ್ಟರೊಳಗೆ ಒಂದೊಂದೇ ವಿಭಾಗ.

ಮಾರ್ಚ್ 10

ಎಲ್ಲರ ಖಾತೆಗಳನ್ನು ನಿಯಂತ್ರಿಸುವ ಅಡ್ಮಿನ್ ಕನ್ಸೋಲ್‌ನಲ್ಲಿ ಬೇರೆ ಗುಂಪು ಮಾಡಿ ಮೊದಲು ಪರೀಕ್ಷೆಗೆ ಅಂತ 6 ಜನರನ್ನು ಹಾಕಿದೆ. ಬೇಕೆಂದೇ ಬೇರೆ ಬೇರೆ ಥರದವರನ್ನು ಆರಿಸಿದ್ದೇನೆ: ಇಬ್ಬರು ಗೋಡೌನಿನವರು, ಇಬ್ಬರು ಸೇಲ್ಸ್, ಒಬ್ಬರು ಖರೀದಿ ವಿಭಾಗ, ಒಬ್ಬರು ರಿಸೆಪ್ಷನ್. ಬದಲಾವಣೆ ಎಲ್ಲ ಫೋನಿಗೆ ಮುಟ್ಟಲು 24 ಗಂಟೆವರೆಗೂ ಹಿಡಿಯಬಹುದು. ಇದನ್ನು ಮೊದಲೇ ಹೇಳಿಬಿಟ್ಟೆ. ಇಲ್ಲದಿದ್ದರೆ 'ಅವರಿಗೆ ಬಂತು, ನನಗೆ ಬಂದಿಲ್ಲ' ಅಂತ ದಿನವಿಡೀ ಫೋನು.

ಮಾರ್ಚ್ 11

ಇವತ್ತು ಕಂಡದ್ದನ್ನು ವಿವರವಾಗಿಯೇ ಬರೆದಿಡುತ್ತೇನೆ.

ಗೋಡೌನಿನ ಹಿರಿಯ ಸ್ಟೋರ್ ಕೀಪರ್ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಸರಕು ಬಂದಿದೆ ಅಂತ ಖರೀದಿ ವಿಭಾಗಕ್ಕೆ ಒಂದು ಮೇಲ್ ಹಾಕಿ ಅಂದೆ. ಅವರು ಎಡಗೈಯಲ್ಲಿ ಚಲನ್ ಹಿಡಿದಿದ್ದರು. ಬಲಗೈ ಹೆಬ್ಬೆರಳು ನೇರವಾಗಿ ಪರದೆಯ ಕೆಳಗಿನ ಬಲಮೂಲೆಗೆ ಹೋಯಿತು. ಅವರು ಪರದೆ ನೋಡಲೇ ಇಲ್ಲ. ಅಲ್ಲಿ ಇರಬೇಕಾದ ಪೆನ್ಸಿಲ್ (ಹೊಸ ಮೇಲ್ ಬರೆಯುವ ಬಟನ್) ಇರಲಿಲ್ಲ, ಮೀಟ್ ಇತ್ತು. ಹೊಸ ಪಟ್ಟಿ ಕೆಳಗೆ ಬಂದದ್ದಕ್ಕೆ ಪೆನ್ಸಿಲ್ ಅದರ ಮೇಲಕ್ಕೆ ಸರಿದಿದೆ. ಒಂದು ಬೆರಳಿನಷ್ಟು, ಅಷ್ಟೇ.

"ಸರ, ಯಾರಿಗೋ ಫೋನ್ ಹೋತ್ರೀ! ಏನ್ ಮಾಡ್ಲಿ?"

ಯಾರಿಗೂ ಹೋಗಿರಲಿಲ್ಲ. ಮೀಟ್ ಒತ್ತಿದರೆ ಹೊಸ ಮೀಟಿಂಗ್ ಶುರು ಮಾಡಲು, ಕೋಡ್ ಹಾಕಿ ಸೇರಲು ಇರುವ ಪುಟ ತೆರೆಯುತ್ತದೆ, ಅಷ್ಟೇ. ಎಡ ತುದಿಯ ಮೇಲ್ ಒತ್ತಿ ವಾಪಸ್ ಬನ್ನಿ ಅಂದೆ. ಆದರೆ ಅವರು ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟುಬಿಟ್ಟರು. ಆಮೇಲೆ ಅರ್ಧ ಗಂಟೆ ಅದನ್ನು ಮುಟ್ಟಲಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು. ಬೇರೆಯವರ ಎದುರು ತಪ್ಪು ಮಾಡಿದೆ ಅನ್ನೋ ಸಂಕೋಚ ಅದು. ಅವರು ತಪ್ಪೇನೂ ಮಾಡಿರಲಿಲ್ಲ, ಅಲ್ವಾ? ಬೆರಳು ಕಲಿತಿದ್ದ ಜಾಗಕ್ಕೇ ಹೋಗಿತ್ತು.

ಮಾರ್ಚ್ 15

ನಾಲ್ಕು ಬಟನ್‌ಗೂ ಬಾಣ ಹಾಕಿ, ಒಂದೊಂದಕ್ಕೂ ವಿವರಣೆ ಬರೆದು ಪೋಸ್ಟರ್ ಮಾಡಿದ್ದೆ. ನೀರಿನ ಫಿಲ್ಟರ್ ಪಕ್ಕ ಅಂಟಿಸಿ ಮೂರು ದಿನ ಆಯಿತು. ಏನಿತ್ತು ಅದರಲ್ಲಿ ಅಂತ ಐದು ಜನರನ್ನು ಕೇಳಿದೆ. 'ಏನೋ ಜಿಮೇಲ್ ಬಗ್ಗೆ' ಅಂದರು. ಇನ್ನೂ ಒಂದು ತೊಂದರೆ: ಚಿತ್ರ ನನ್ನ ಫೋನಿನದ್ದು. ಗೋಡೌನಿನಲ್ಲಿ ಸುಮಾರು ಜನ ಅಕ್ಷರ ದೊಡ್ಡದು ಮಾಡಿಕೊಂಡಿದ್ದಾರೆ. ಅವರ ಪರದೆಯಲ್ಲಿ ಅರ್ಧ ಮೇಲ್‌ಗಳೂ ಕಾಣುವುದಿಲ್ಲ, ಹಾಗಾಗಿ ಅದು ತಮ್ಮ ಫೋನಿನ ಚಿತ್ರ ಅಂತ ಅವರಿಗೆ ಅನ್ನಿಸಿಯೇ ಇಲ್ಲ.

ಕಿತ್ತು ಹಾಕಿದೆ. ಹೊಸದರಲ್ಲಿ ಸ್ಟೋರ್ ಕೀಪರ್ ಅವರ ಫೋನಿನದ್ದೇ ಫೋಟೊ, ಅವರನ್ನು ಕೇಳಿಯೇ ತೆಗೆದದ್ದು. ಕೆಳಗೆ ದಪ್ಪ ಅಕ್ಷರದಲ್ಲಿ ಎರಡೇ ಸಾಲು: "ಮೇಲ್ ಬರೆಯುವ ಪೆನ್ಸಿಲ್ ಒಂದು ಬೆರಳು ಮೇಲೆ ಹೋಗಿದೆ. ದಾರಿ ತಪ್ಪಿದರೆ ಎಡ ತುದಿಯ ಮೇಲ್ ಒತ್ತಿ." ಚಾಟ್ ಏನು, ಸ್ಪೇಸಸ್ ಏನು ಅನ್ನೋದೆಲ್ಲ ಆಮೇಲೆ. ಮೊದಲು ದಿನದ ಕೆಲಸ ನಿಲ್ಲಬಾರದು.

ಮಾರ್ಚ್ 17

9 ಡ್ರೈವರ್‌ಗಳಿಗೆ ಇದ್ಯಾವುದೂ ಬೇಡ. ಅವರ ಗುಂಪಿಗೆ ಆಫ್ ಆಗಿಯೇ ಇರಲಿ. ಎಲ್ಲರಿಗೂ ಒಂದೇ ಥರ ಇರಬೇಕು ಅನ್ನೋ ವಾದ ಬಂತು. ನನ್ನ ಮನಸ್ಸು ಒಪ್ಪಲಿಲ್ಲ, ಹಾಗೇ ಹೇಳಿದೆ.

ಮಾರ್ಚ್ 24

ಈಗ ದಿನಕ್ಕೊಂದು ವಿಭಾಗ. ಹಿಂದಿನ ದಿನ ಸಂಜೆ ಗುಂಪು ಬದಲಾಯಿಸುವುದು, ಮಾರನೇ ದಿನ ಬೆಳಿಗ್ಗೆ ಅಲ್ಲೇ ಹೋಗಿ ನಿಲ್ಲುವುದು. ಅಭ್ಯಾಸ ಒಂದೇ: ತಮ್ಮ ಫೋನಿನಿಂದ ನನಗೊಂದು ಮೇಲ್ ಹಾಕಬೇಕು, ಏನು ಬರೆದರೂ ಸರಿ. ನಾನು ಅವರ ಫೋನು ಮುಟ್ಟುವುದಿಲ್ಲ. ಕೈ ನೀಡಬೇಕು ಅಂತ ಎಷ್ಟು ಅನ್ನಿಸಿದರೂ ಇಲ್ಲ. ಅವರ ಬೆರಳೇ ಹೋಗಿ ಬರಬೇಕು. ಮೀಟ್ ಅನ್ನು ಮಾತ್ರ ಬೇಕೆಂದೇ ಒಂದು ಸಲ ಒತ್ತಿಸುತ್ತೇನೆ. ಒತ್ತಿ, ನೋಡಿ, ಯಾರಿಗೂ ಫೋನ್ ಹೋಗಲಿಲ್ಲ ಅಂತ ಕಣ್ಣಾರೆ ಕಂಡು ವಾಪಸ್ ಬಂದರೆ ಆ ಭಯ ಹೋಗುತ್ತದೆ. ಒಬ್ಬರಿಗೆ ಮೂರು ನಿಮಿಷ ಸಾಕು.

ನಾನು ಯೋಚಿಸದೇ ಇದ್ದ ಒಂದು ಸಂಗತಿ: ಮೇಲ್ ಬಟನ್ ಮೇಲೆ ಕೆಂಪು ಚುಕ್ಕೆಯಲ್ಲಿ 99+ ಅಂತ ಬರುತ್ತಿದೆ. ಓದದೆ ಬಿಟ್ಟ ಹಳೇ ಮೇಲ್‌ಗಳ ಲೆಕ್ಕ ಅದು. ಸೇಲ್ಸ್‌ನ ಹುಡುಗಿಯೊಬ್ಬಳು ಇಷ್ಟೊಂದು ಆರ್ಡರ್ ನೋಡದೆ ಬಿಟ್ಟಿದ್ದೇನಾ ಅಂತ ಗಾಬರಿಯಾಗಿದ್ದಳು. ನಾಳೆಯಿಂದ ಇದನ್ನೂ ಮೊದಲೇ ಹೇಳಬೇಕು.

ಏಪ್ರಿಲ್ 4, ಸೋಮವಾರ

ಅಕೌಂಟ್ಸ್ ಮುಗಿಯಿತು. ಹಬ್ಬ ಮುಗಿಸಿ ಬಂದವರು, ಲೆಕ್ಕದ ಭಾರವೂ ಸ್ವಲ್ಪ ಇಳಿದಿತ್ತು. ನಿಧಾನವಾಗಿ ಕೇಳಿಸಿಕೊಂಡರು. ಅಲ್ಲಿನ ಮೇಡಂ "ನಂಗ ಮೀಟ್ ಬ್ಯಾಡ್ರಿ, ತಗದ್ ಬಿಡ್ರಿ" ಅಂದರು. ಸೆಟ್ಟಿಂಗ್ಸ್ ಒಳಗೆ ಅವರ ಖಾತೆ ತೆರೆದು ಮೀಟ್ ಎದುರಿನ ಟಿಕ್ ತೆಗೆಯುವುದನ್ನು ತೋರಿಸಿದೆ, ಅವರೇ ತೆಗೆದರು. ಬೇಕಾದಾಗ ಮತ್ತೆ ಹಾಕಿಕೊಳ್ಳಬಹುದು.

ಏಪ್ರಿಲ್ 6

ಡ್ರೈವರ್‌ಗಳನ್ನು ಬಿಟ್ಟು ಉಳಿದ 75ರಲ್ಲಿ 73 ಜನರ ಮೇಲ್ ಬಂದಿವೆ. ಹೆಚ್ಚಿನವು 'ಟೆಸ್ಟ್', ಕೆಲವು 'ಊಟ ಆಯ್ತಾ'. ಸ್ಟೋರ್ ಕೀಪರ್ ಅವರದ್ದು ಯಾರೂ ಹೇಳದೆ ತಾವಾಗಿಯೇ ಕಳಿಸಿದ್ದು: "ಪೆನ್ಸಿಲ್ ಸಿಕ್ತು ಸರ." ಅದನ್ನು ಸ್ಟಾರ್ ಹಾಕಿ ಇಟ್ಟುಕೊಂಡಿದ್ದೇನೆ.

ಉಳಿದ ಇಬ್ಬರಲ್ಲಿ ಒಬ್ಬರು ರಜೆ, ಒಬ್ಬರು ಬೆಳಗಾವಿ ಟೂರ್. ಶುಕ್ರವಾರ ಬರುತ್ತಾರೆ. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಹೋಗಬೇಕು.