ದೊಡ್ಡಪತ್ರೆ: ಕುದಿಸಬೇಡಿ, ಬಾಡಿಸಿ

ದೊಡ್ಡಪತ್ರೆಯ ಎಲೆ ಜಜ್ಜಿದಾಗ ಮೂಗಿಗೆ ಹೊಡೆಯುವ ಘಾಟಿದೆಯಲ್ಲ, ಔಷಧಗುಣದ ಬಹುಪಾಲು ಇರುವುದು ಅದರಲ್ಲೇ. ಎಲೆಯ ರೋಮಗಳ ನಡುವಿನ ಸಣ್ಣ ಗ್ರಂಥಿಗಳಲ್ಲಿ ಸುಗಂಧ ತೈಲ ತುಂಬಿರುತ್ತದೆ. ಕೆಲವು ಗಿಡಗಳ ತೈಲದಲ್ಲಿ ಕಾರ್ವಕ್ರಾಲ್ ಎಂಬ ರಾಸಾಯನಿಕ ಹೆಚ್ಚು, ಕೆಲವದರಲ್ಲಿ ಥೈಮಾಲ್ ಎಂಬುದು. ಓಮದಲ್ಲಿರುವುದೂ ಥೈಮಾಲೇ. ಹಾಗೆಂದು ಓಮ ಈ ಗಿಡದ ಬೀಜವಲ್ಲ; ಅದು ಕೊತ್ತಂಬರಿಯ ಕುಟುಂಬದ್ದು, ಇದು ತುಳಸಿಯ ಕುಟುಂಬದ್ದು.

ಕಾರ್ವಕ್ರಾಲ್, ಥೈಮಾಲ್ ಎರಡೂ ಬ್ಯಾಕ್ಟೀರಿಯಾದ ಪೊರೆಯೊಳಗೆ ಸೇರಿ ಅದನ್ನು ಸಡಿಲಿಸುತ್ತವೆ. ಒಳಗಿನ ಪೊಟ್ಯಾಸಿಯಂ ಸೋರಿಹೋಗಿ ಜೀವಕೋಶ ಸಾಯುತ್ತದೆ. ಕುರು, ಕೀವಿಗೆ ಕಾರಣವಾಗುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಇದಕ್ಕೆ ಬಗ್ಗುತ್ತದೆ. ಇನ್ನೊಂದು ಹೊರಪೊರೆಯ ರಕ್ಷಣೆಯಿರುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಆದರೆ ಪ್ರಯೋಗಾಲಯದಲ್ಲಿ ಬಳಸುವುದು ಸಾಮಾನ್ಯವಾಗಿ ಬಟ್ಟಿ ಇಳಿಸಿದ ತೈಲ ಅಥವಾ ಆಲ್ಕೋಹಾಲಿನಲ್ಲಿ ತೆಗೆದ ಸಾರ. ಹಸಿ ಎಲೆಯಲ್ಲಿ ನೀರೇ ಹೆಚ್ಚು, ಹಿಂಡಿದ ರಸದಲ್ಲಿ ತೈಲ ತೀರಾ ಕಡಿಮೆ. ಆ ಫಲಿತಾಂಶ ನೋಡಿ ಆ್ಯಂಟಿಬಯೋಟಿಕ್ ಬಿಟ್ಟು ರಸ ಕುಡಿಯುವುದು ತಪ್ಪು ಲೆಕ್ಕ.

ನೆಗಡಿ, ಕೆಮ್ಮಿಗೆ ಎಲೆಯನ್ನು ಬಾಡಿಸಿ ಹಿಂಡುವ ರೂಢಿ ಹಳೆಯದು, ಜಾಣತನದ್ದೂ ಹೌದು. ಬಲಿತ ನಾಲ್ಕೈದು ಎಲೆ ತೊಳೆದು ನೀರು ಒರೆಸಿ, ಸಣ್ಣ ಉರಿಯ ಕಾವಲಿಯ ಮೇಲೆ ಎರಡೂ ಬದಿ ಮೆತ್ತಗಾಗುವಷ್ಟು ಬಾಡಿಸಿ. ಬಿಸಿಗೆ ಎಲೆಯ ಕೋಶಗಳು ಒಡೆದು ರಸ ಸಲೀಸಾಗಿ ಬರುತ್ತದೆ. ಎಲೆ ಕಂದಾಗುವವರೆಗೆ ಬಿಟ್ಟರೆ ತೈಲ ಹಾರಿಹೋಗಿ ಕಹಿ ಮಾತ್ರ ಉಳಿಯುತ್ತದೆ. ತೆರೆದ ಪಾತ್ರೆಯಲ್ಲಿ ಕಾಲು ಗಂಟೆ ಕುದಿಸುವ ಕಷಾಯದ ಗತಿಯೂ ಅದೇ: ಮನೆಯೆಲ್ಲ ಘಮ, ಲೋಟದಲ್ಲಿ ಬಣ್ಣದ ನೀರು. ಕಷಾಯವೇ ಬೇಕೆಂದರೆ ಒಲೆ ಆರಿಸಿದ ಮೇಲೆ ಎಲೆ ಜಜ್ಜಿ ಹಾಕಿ, ಹತ್ತು ನಿಮಿಷ ಮುಚ್ಚಿಡಿ.

ದೊಡ್ಡವರಿಗೆ ಒಂದು ಚಮಚ ರಸ, ಜೇನು ಬೆರೆಸಿ. ವರ್ಷ ತುಂಬದ ಮಕ್ಕಳಿಗೆ ಜೇನು ಕೂಡದು. ಅವರ ಕೆಮ್ಮಿಗೆ ಮನೆಮದ್ದಿಗಿಂತ ವೈದ್ಯರೇ ಸರಿ. ಗರ್ಭಿಣಿಯರು ಔಷಧಿಯಾಗಿ ಕುಡಿಯದಿರುವುದು ಒಳ್ಳೆಯದು. ರಸ ಆಗಿಂದಾಗ್ಗೆ ಮಾಡಿ, ಉಳಿದದ್ದು ಚೆಲ್ಲಿ.

ಕೀಟ ಕಚ್ಚಿದ ತುರಿಕೆಗೆ ಜಜ್ಜಿದ ಎಲೆ ಸವರಬಹುದು. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಿ, ಕೆಲವರಿಗೆ ಉರಿಯಾಗುತ್ತದೆ. ತೆರೆದ ಗಾಯ, ಸುಟ್ಟ ಗಾಯಕ್ಕೆ ಬೇಡ: ತೊಳೆದ ಎಲೆಯಲ್ಲೂ ಮಣ್ಣಿನ ಸೂಕ್ಷ್ಮಜೀವಿಗಳು ಉಳಿದಿರುತ್ತವೆ.

ನೆರಳಲ್ಲಿ ಬೆಳೆದ ಎಲೆ ಅಗಲ, ನೋಡಲು ಚೆಂದ, ಘಾಟು ಕಡಿಮೆ. ಮದ್ದಿಗೆ ಬೆಳಗಿನ ಬಿಸಿಲು ಬೀಳುವ ಗಿಡದ ದಪ್ಪ ಎಲೆ ಆರಿಸಿ. ಗೇಣುದ್ದದ ಕಾಂಡ ನೆಟ್ಟರೆ ಸಾಕು, ಬೇರು ಬಿಡುತ್ತದೆ. ನೀರು ನಿಂತರೆ ಮಾತ್ರ ಬುಡ ಕೊಳೆಯುತ್ತದೆ.