ಬೆಟ್ಟದ ತುದಿಯಲ್ಲೊಂದು ಹೆಬ್ಬೆಟ್ಟು

ಸಿಯಾಟಲ್‌ಗೆ ಬಂದ ಮೇಲೆ ಮಗಳು ಹಚ್ಚಿದ ಹುಚ್ಚು ಇದು, ಜಿಯೋಕ್ಯಾಶಿಂಗ್. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಆ್ಯಪ್‌ನಲ್ಲಿ ಹಾಕಿರುತ್ತಾರೆ. ನಾವು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು.

ಆಗಸ್ಟ್‌ನ ಒಂದು ಶನಿವಾರ ಲಿಟಲ್ ಸೈ ಹತ್ತಿದೆವು. ನಾರ್ತ್ ಬೆಂಡ್ ಊರಿನ ಪಕ್ಕದ ಗುಡ್ಡ, ಎತ್ತರ ಸುಮಾರು 1,550 ಅಡಿ. ನಮ್ಮ ಬೆಂಗಳೂರು ಕೂತಿರುವುದೇ 3,000 ಅಡಿ ಮೇಲೆ, ಗೊತ್ತು, ನಗಬೇಡಿ. ಕೊನೆಯ ಏರಿನಲ್ಲಿ ನನ್ನ ಮಂಡಿಗೆ ಆ ಲೆಕ್ಕ ಹೊಳೆಯಲಿಲ್ಲ. ಪಕ್ಕದಲ್ಲೇ ದೊಡ್ಡಣ್ಣ ಮೌಂಟ್ ಸೈ, 4,000 ಅಡಿಗೂ ಜಾಸ್ತಿ. ಅದರ ಮಾತು ಬೇಡ.

2000ದ ಮೇ 2ರವರೆಗೆ ಅಮೆರಿಕ ಸರ್ಕಾರ ಸಾಮಾನ್ಯ ಜನರ ಜಿಪಿಎಸ್‌ನಲ್ಲಿ ಬೇಕಂತಲೇ ತಪ್ಪು ಬೆರೆಸುತ್ತಿತ್ತು. ಅದು ನಿಂತ ಮರುದಿನವೇ ಪಕ್ಕದ ಆರೆಗನ್‌ನ ಡೇವ್ ಉಲ್ಮರ್ ಕಾಡಿನಲ್ಲಿ ಒಂದು ಬಕೆಟ್ ಅಡಗಿಸಿಟ್ಟರು. ಆಟ ಶುರುವಾಗಿದ್ದು ಹಾಗೆ. ಆದರೂ ದಟ್ಟ ಮರಗಳ ಕೆಳಗೆ ನನ್ನ ಫೋನು ಒಮ್ಮೆ ಡಬ್ಬಿ ನಾಲ್ಕು ಮೀಟರ್ ದೂರ ಅಂದರೆ, ಎರಡು ಹೆಜ್ಜೆ ಇಟ್ಟ ಮೇಲೆ ಹನ್ನೆರಡು ಅನ್ನುತ್ತಿತ್ತು.

ತುದಿಯಲ್ಲಿ ಜನ ಬೇರೆ. ಆಟ ಗೊತ್ತಿಲ್ಲದವರಿಗೆ ಡಬ್ಬಿ ಕಾಣಬಾರದು. ನಾನು ಮೂರು ಸಲ ಶೂ ಲೇಸ್ ಕಟ್ಟಿಕೊಂಡೆ, ಸುಮ್ನೆ.

"ಅಪ್ಪಾ, ಈ ಕಲ್ಲು ಯಾರೋ ಜೋಡಿಸಿದ ಹಾಗಿದೆ."

ಹೌದು! ಹಿಂದೆ ಪಾಚಿ ಮೆತ್ತಿದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಒಂದು ಗೋಲಿ, ಬಾಲ ಮುರಿದ ಡೈನೋಸಾರ್, ಯಾವುದೋ ದೇಶದ ನಾಣ್ಯ, ಜಿಪ್ ಕವರಿನಲ್ಲಿ ಪುಟ್ಟ ಪುಸ್ತಕ. ಒಂದು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದು ಇಡಬೇಕು. ಮಗಳು ತನ್ನ ಬಳೆ ಇಟ್ಟು ಗೋಲಿ ತೆಗೆದುಕೊಂಡಳು.

ಸಹಿ ಹಾಕಲು ಪೆನ್ ಹುಡುಕಿದೆ. ಚಿತ್ರಾನ್ನ ಇದೆ, ಎರಡು ಚಮಚ ಇವೆ, ಪೆನ್ ಇಲ್ಲ. ಡಬ್ಬಿಯಲ್ಲಿದ್ದ ಪೆನ್ಸಿಲ್ಲಿಗೆ ಸೀಸವೇ ಇಲ್ಲ. ಸಹಿ ಇಲ್ಲದಿದ್ದರೆ ಸಿಕ್ಕಿದ್ದು ಲೆಕ್ಕಕ್ಕಿಲ್ಲ. ದಾರಿಯಲ್ಲಿ ಸಲಾಲ್ ಪೊದೆಗಳಲ್ಲಿ ಕಪ್ಪು ಹಣ್ಣು ಬಿಟ್ಟಿದ್ದವು. ಕೆಳಗಿಳಿದು ನಾಲ್ಕು ಕಿತ್ತು ತಂದೆ. ನೇರಳೆ ಹಣ್ಣಿನ ಹಾಗೇ ಕೈಗೆ ಬಣ್ಣ ಅಂಟುತ್ತದೆ. ಹೆಬ್ಬೆರಳಿಗೆ ಹಚ್ಚಿ ಒತ್ತಿದೆ. ಪಕ್ಕದಲ್ಲಿ ಮಗಳದ್ದು, ಪುಟ್ಟದು.

ಸಂಜೆ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು.

"ನಿಮ್ಮಜ್ಜಿ ಪೆನ್ಶನ್ನಿಗೆ ಹೆಬ್ಬೆಟ್ಟು ಒತ್ತುತ್ತಿದ್ದರು. ನಿನ್ನನ್ನ ಎಂಟೆಕ್ ಓದಿಸಿದ್ದು ಇದಕ್ಕೇನೋ?"