ಅಂಕಿ ಇಳಿದ ಮೇಲೆ

20 ಏಪ್ರಿಲ್ 2025, ರವಿವಾರ
ಧಾರವಾಡ

ಗದಗಿನಿಂದ ತಂಗಿ ಮಗನ ರಿಪೋರ್ಟು ಹಿಡಿದುಕೊಂಡು ಬಂದಿದ್ದಳು. ರಕ್ತದಲ್ಲಿ ಹನ್ನೊಂದರ ಮೇಲಿದ್ದ ಯೂರಿಕ್ ಆಮ್ಲವೆಂಬ ತ್ಯಾಜ್ಯ 5.4ಕ್ಕೆ ಇಳಿದಿದೆ. ಹಾಳೆಯನ್ನು ನನ್ನ ಕೈಗೆ ಕೊಟ್ಟು, ಕುಳಿತುಕೊಳ್ಳುವ ಮೊದಲೇ ಅವಳು ಕೇಳಿದ ಮಾತು ಈ ರಾತ್ರಿಯವರೆಗೂ ನನ್ನನ್ನು ಬಿಟ್ಟಿಲ್ಲ. “ಅಕ್ಕಾ, ಅರ್ಧಕ್ಕರ್ಧ ಇಳದೈತಿ. ಆದರ ಅವ ಕೈಬಟ್ಟ ಕಚ್ಚಿಕೊಳ್ಳೂದು ಯಾಕ ಕಮ್ಮಿ ಆಗವಲ್ದು? ಗುಳಿಗಿ ಇನ್ನರ್ಧ ಹೆಚ್ಚು ಕೊಟ್ಟರ ನಿಂತೀತೇನು?”

ಅವನಿಗಿರುವುದು ಲೆಶ್-ನೈಹನ್ ಎಂಬ, ಹುಟ್ಟಿನಿಂದಲೇ ಬರುವ ಅಪರೂಪದ ಕಾಯಿಲೆ. ಅದಕ್ಕೆ ಯೂರಿಕ್ ಆಮ್ಲ ಇಳಿಸುವ ಅಲೋಪ್ಯೂರಿನಾಲ್ ಗುಳಿಗೆ ಆರಂಭಿಸಿದ ದಿನವೇ ತಾಯಿ-ತಂದೆಯನ್ನು ಎದುರು ಕೂರಿಸಿಕೊಂಡು ಹೇಳಬೇಕಾದ ಒಂದು ಮಾತಿದೆ. ಈ ಗುಳಿಗೆ ಮೂತ್ರಪಿಂಡವನ್ನೂ ಕೀಲುಗಳನ್ನೂ ಕಾಯುತ್ತದೆ. ಕೈಕಾಲುಗಳ ಸೆಳೆತವನ್ನಾಗಲಿ, ತನ್ನನ್ನೇ ಕಚ್ಚಿಕೊಳ್ಳುವುದನ್ನಾಗಲಿ ನಿಲ್ಲಿಸುವುದಿಲ್ಲ. ಹುಟ್ಟಿದಾಗಿನಿಂದಲೇ ಔಷಧ ಕೊಟ್ಟು ಯೂರಿಕ್ ಆಮ್ಲವನ್ನು ಹತೋಟಿಯಲ್ಲಿಟ್ಟ ಮಕ್ಕಳಲ್ಲಿಯೂ ಆ ಲಕ್ಷಣಗಳು ಕಾಣಿಸಿಕೊಂಡಿವೆ. ಔಷಧ ಬರೆದುಕೊಟ್ಟ ಆಸ್ಪತ್ರೆಯಲ್ಲಿ ಇದನ್ನು ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ. ಪ್ರತಿ ರಿಪೋರ್ಟಿನಲ್ಲಿಯೂ ಅವಳು ಮಗನ ಕೈಬೆರಳುಗಳನ್ನೇ ಹುಡುಕುತ್ತಿದ್ದಳು.

ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆದಿಡುತ್ತೇನೆ. ಹಳೆಯ ಬಂಗಾರವನ್ನು ಕರಗಿಸಿ ಹೊಸ ಒಡವೆ ಮಾಡಿಸುವಂತೆ, ನಮ್ಮ ಜೀವಕೋಶಗಳು ಹಳೆಯ ಪ್ಯೂರಿನ್‌ಗಳನ್ನು, ಅಂದರೆ ಡಿಎನ್‌ಎ ಕಟ್ಟಲು ಬೇಕಾದ ವಸ್ತುಗಳನ್ನು, ಮತ್ತೆ ಬಳಸಿಕೊಳ್ಳುತ್ತವೆ. ಆ ಕೆಲಸ ಮಾಡುವ ಎಚ್‌ಪಿಆರ್‌ಟಿ ಎಂಬ ಕಿಣ್ವ ನಮ್ಮ ಹುಡುಗನಲ್ಲಿ ಇಲ್ಲ. ಹಾಗಾಗಿ ಹಳೆಯದೆಲ್ಲ ಯೂರಿಕ್ ಆಮ್ಲವಾಗುತ್ತದೆ, ಅದರ ಜೊತೆಗೆ ದೇಹವು ಹೊಸ ಪ್ಯೂರಿನ್‌ಗಳನ್ನೂ ಮಿತಿಮೀರಿ ತಯಾರಿಸುತ್ತದೆ. ಲೆಶ್ ಮತ್ತು ನೈಹನ್ ಈ ಕಾಯಿಲೆಯನ್ನು ಇಬ್ಬರು ಅಣ್ಣತಮ್ಮಂದಿರಲ್ಲಿ ಕಂಡು ವಿವರಿಸಿದ್ದು 1964ರಲ್ಲಿ. ಕಿಣ್ವದ ಕೊರತೆ ಗೊತ್ತಾದದ್ದು 1967ರಲ್ಲಿ. ಅಲೋಪ್ಯೂರಿನಾಲ್ ಮೂಡಿಬಂದದ್ದು ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಪ್ರಯೋಗಾಲಯದಲ್ಲಿ. 1988ರ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಅವರಿಬ್ಬರೂ ಇದ್ದರು. ಈ ಗುಳಿಗೆ ಇಲ್ಲದಿದ್ದರೆ ಇಂಥ ಮಕ್ಕಳು ಮೂತ್ರಪಿಂಡ ಕೆಟ್ಟು ಚಿಕ್ಕಂದಿನಲ್ಲಿಯೇ ತೀರಿಹೋಗುತ್ತಿದ್ದರು. ಆದ್ದರಿಂದ 5.4 ಎಂಬ ಅಂಕಿ ಸಣ್ಣದಲ್ಲ, ಅದನ್ನು ನೋಡಿ ಅವಳು ಸಂತೋಷಪಡಲೇಬೇಕು.

ಇನ್ನರ್ಧ ಗುಳಿಗೆಯ ಮಾತಿಗೆ ಮಾತ್ರ ನನಗೆ ನಿಜವಾಗಿ ಹೆದರಿಕೆಯಾಯಿತು. ಅಲೋಪ್ಯೂರಿನಾಲ್ ಯೂರಿಕ್ ಆಮ್ಲದ ದಾರಿಯನ್ನು ಕಟ್ಟಿದಾಗ ಯೂರಿಕ್ ಆಮ್ಲವಾಗುವ ಮೊದಲಿನ ವಸ್ತುಗಳಾದ ಹೈಪೋಕ್ಸಾಂಥಿನ್ ಮತ್ತು ಕ್ಸಾಂಥಿನ್ ಮೂತ್ರಕ್ಕೆ ಬರುತ್ತವೆ. ಯೂರಿಕ್ ಆಮ್ಲ ಹೆಚ್ಚಾಗಿ ಕೀಲು ನೋಯುವ ಸಾಮಾನ್ಯ ಗೌಟ್ ರೋಗಿಯ ದೇಹವು ಹೈಪೋಕ್ಸಾಂಥಿನ್ನನ್ನು ಮರುಬಳಕೆ ಮಾಡಿಕೊಳ್ಳುತ್ತದೆ. ಈ ಹುಡುಗನಿಗೆ ಆ ದಾರಿಯೇ ಇಲ್ಲ. ಕ್ಸಾಂಥಿನ್ ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುವಲ್ಲ. ಯೂರಿಕ್ ಆಮ್ಲವನ್ನು ಆದಷ್ಟೂ ಕೆಳಗೆ ತರುತ್ತೇವೆಂದು ಗುಳಿಗೆ ಏರಿಸಿದರೆ ಮೂತ್ರಪಿಂಡದಲ್ಲಿ ಒಂದು ಬಗೆಯ ಕಲ್ಲು ತಪ್ಪಿ ಇನ್ನೊಂದು ಬಗೆಯ ಕಲ್ಲು ಕಟ್ಟಬಹುದು. ಪೊಟ್ಯಾಸಿಯಂ ಸಿಟ್ರೇಟ್ ಮೂತ್ರದ ಆಮ್ಲತೆಯನ್ನು ತಗ್ಗಿಸಿ ಯೂರಿಕ್ ಆಮ್ಲವನ್ನು ಕರಗಿಸುತ್ತದೆ, ಕ್ಸಾಂಥಿನ್‌ಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಅದಕ್ಕೆ ಬೇಕಾದದ್ದು ನೀರು, ಧಾರಾಳವಾದ ನೀರು.

ಈ ನೀರು ಕುಡಿಸುವುದೇ ಆ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟದ ಚಿಕಿತ್ಸೆ. ಹುಡುಗನ ಕತ್ತು ಒಂದೇ ಸಮನೆ ಹಿಂದಕ್ಕೆ ಎಳೆಯುತ್ತಿರುತ್ತದೆ. ತಂಗಿ ಎಡಗೈಯಲ್ಲಿ ಅವನ ತಲೆಯನ್ನು ಆನಿಸಿಕೊಂಡು ಚಮಚೆಯಿಂದ ಗುಟುಕು ಗುಟುಕಾಗಿ ಹಾಕುತ್ತಾಳೆ. ಅರ್ಧ ಒಳಗೆ ಹೋಗುತ್ತದೆ, ಅರ್ಧ ಗದ್ದದಿಂದ ಇಳಿದು ಅಂಗಿ ತೊಯ್ಯುತ್ತದೆ. ಗದಗಿನ ಈ ಬಿಸಿಲಿನಲ್ಲಿ ಅದು ಎಲ್ಲಿ ಸಾಲಬೇಕು? ಸಾಲದ್ದಕ್ಕೆ ಓಣಿಯವರ ಮಾತು ಕೇಳಿ ಅವನ ಊಟದಿಂದ ಬೇಳೆಯನ್ನೂ ತೆಗೆದುಹಾಕಿದ್ದಾಳೆ. ಅವನ ಯೂರಿಕ್ ಆಮ್ಲದ ಬಹುಪಾಲು ದೇಹದೊಳಗೇ ತಯಾರಾಗುತ್ತಿರುವಾಗ ಬೇಳೆ ಬಿಡಿಸಿದರೆ ಬಡವಾಗುವುದು ಹುಡುಗನೇ ಎಂದು ಹೇಳಿದೆ. ಆ ಮಾತಿಗೆ ಮೊದಲ ಸಲ ಅವಳ ಮುಖ ಸ್ವಲ್ಪ ಸಡಿಲವಾಯಿತು. “ಹಂಗಾದರ ನಾಳೆಯಿಂದ ಕಟ್ಟಿನ ಸಾರು ಹಾಕ್ತೇನಿ, ಅವಗ ಭಾಳ ಸೇರತೈತಿ” ಎಂದಳು.

ಗುಳಿಗೆಯ ಪ್ರಮಾಣವನ್ನು ವೈದ್ಯರನ್ನು ಕೇಳದೆ ಬದಲಿಸುವುದಿಲ್ಲವೆಂದು ಅವಳಿಂದ ಮಾತು ತೆಗೆದುಕೊಂಡಿದ್ದೇನೆ. ಮೈಮೇಲೆ ಗುಳ್ಳೆ ಎದ್ದರೆ ಅಥವಾ ಬಾಯಿ ಹುಣ್ಣಾದರೆ ಔಷಧ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಓಡಬೇಕೆಂದೂ ತಿಳಿಸಿದ್ದೇನೆ. ಹೊಟ್ಟೆಯ ಅಲ್ಟ್ರಾಸೌಂಡ್ ಕೂಡ ಆಗಬೇಕು, ಏಕೆಂದರೆ ಈ ಎರಡೂ ಬಗೆಯ ಕಲ್ಲುಗಳು ಸಾಮಾನ್ಯ ಎಕ್ಸ್-ರೇಯಲ್ಲಿ ಕಾಣುವುದಿಲ್ಲ.

ಕೈಗಳ ವಿಷಯಕ್ಕೆ ಬಂದಾಗ, ಮೊಣಕೈ ಮಡಚದಂತೆ ಕಟ್ಟುವ ಪಟ್ಟಿಗಳ ಬಗ್ಗೆ ಮಾತಾಡಿದೆವು. ಪಟ್ಟಿ ಬಿಚ್ಚಿದರೆ ಅವನೇ ಹೆದರಿ ಅಳುತ್ತಾನಂತೆ, “ಕಟ್ಟವ್ವಾ” ಎನ್ನುತ್ತಾನಂತೆ. ಅವನು ಬೇಕೆಂದು ಕಚ್ಚಿಕೊಳ್ಳುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಟಮಾರಿ ಎಂದು ಬೈಯುವ ಅವನ ಅಜ್ಜನಿಗೆ ಇದನ್ನು ನಾನೇ ಹೋಗಿ ಹೇಳಬೇಕು. ತುಟಿಯನ್ನೂ ಕಚ್ಚಿಕೊಳ್ಳಲು ಶುರುಮಾಡಿದ್ದಾನೆ. ಹಲ್ಲಿಗೆ ಕವಚ ಹಾಕಿಸುವುದು, ಅದೂ ಆಗದಿದ್ದರೆ ಹಲ್ಲನ್ನೇ ತೆಗೆಸುವುದು ಎಂಬ ಮಾತನ್ನು ಮಾತ್ರ ನಾನು ಇಂದು ಎತ್ತಲಿಲ್ಲ. ಬರುವ ವಾರ ಅವಳ ಗಂಡನೂ ಬರುತ್ತಾನೆ, ಆಗ ಇಬ್ಬರನ್ನೂ ಕೂರಿಸಿಕೊಂಡು ಮೊದಲು ಕವಚದಿಂದ ಶುರುಮಾಡಿ, ದಂತವೈದ್ಯರನ್ನು ಕಂಡ ಮೇಲೆಯೇ ಉಳಿದದ್ದನ್ನು ಹೇಳಬೇಕು.